ಕೂಲಿಯಿಲ್ಲದ ಆಟ

ಬ್ರಿಟನ್ ದ್ವೀಪದ ಪಶ್ಚಿಮ ಭಾಗದಲ್ಲಿ ವೇಲ್ಸ್ ಎಂಬ ಪುಟ್ಟ ನಾಡಿದೆ. ಅದರ ದಕ್ಷಿಣ ಕರಾವಳಿಯ ಒಂದು ಊರು ಲಾನೆಲ್ಲಿ. ಉಕ್ಕಿನ ತೆಳುಹಾಳೆಗೆ ತವರದ ಲೇಪ ಕೊಡುವ ಕಾರ್ಖಾನೆಗಳು ಅಲ್ಲಿ ಹೇರಳವಾಗಿದ್ದುದರಿಂದ ಅದಕ್ಕೆ ‘ತಗಡಿನ ಪಟ್ಟಣ’ ಎಂಬ ಅಡ್ಡಹೆಸರು ಬಂದಿತ್ತು. ಆ ಊರಿನ ರಗ್ಬಿ ಮೈದಾನದ ಗೋಲುಕಂಬಗಳ ತುದಿಯಲ್ಲಿ ಕೆಂಪು ಬಣ್ಣದ, ಹಿಡಿಯುಳ್ಳ ಪುಟ್ಟ ಅಡುಗೆಪಾತ್ರೆಗಳನ್ನು ಸಿಕ್ಕಿಸುವುದು ವಾಡಿಕೆ. ದುಡಿಮೆಯ ಗುರುತೇ ಆಟದ ಗುರುತೂ ಆದ ಊರು ಅದು.

ರಗ್ಬಿಯಲ್ಲಿ ಒಂದೊಂದು ಪಕ್ಷಕ್ಕೆ ಹದಿನೈದು ಮಂದಿ. ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡಬಹುದು. ಆದರೆ ಜೊತೆಗಾರನಿಗೆ ಎಸೆಯುವಾಗ ಮುಂದಕ್ಕೆ ಎಸೆಯಕೂಡದು. ಮುನ್ನುಗ್ಗುವವನು ತನ್ನ ಹಿಂದೆ ಬರುವವರನ್ನು ನಂಬಲೇಬೇಕಾದ ಆಟವಿದು.

ಲಾನೆಲ್ಲಿಯ ಕ್ಲಬ್ಬು ತನ್ನ ಹುಟ್ಟನ್ನು 1872ರಿಂದ ಎಣಿಸುತ್ತದೆ. 1879ರಿಂದ ಸ್ಟ್ರೇಡಿ ಪಾರ್ಕ್ ಅದರ ಮೈದಾನವಾಯಿತು. ಆಟಕ್ಕಾಗಿ ಯಾರೂ ಸಂಬಳ ಪಡೆಯಬಾರದೆಂಬುದು ಆಗಿನ ನಿಯಮ. ಆಟಗಾರರು ಹೊಟ್ಟೆಪಾಡಿಗೆ ಬೇರೆ ಬೇರೆ ಉದ್ಯೋಗಗಳಲ್ಲಿದ್ದು, ದುಡಿಮೆ ಮುಗಿದ ಮೇಲೆ ಅಭ್ಯಾಸಕ್ಕೆ ಬರುತ್ತಿದ್ದರು.

ಕ್ಲಬ್ಬು ತನ್ನ ಶತಮಾನೋತ್ಸವ ಆಚರಿಸುತ್ತಿದ್ದಾಗ, 1972ರ ಅಕ್ಟೋಬರ್ 31ರಂದು, ಜಗತ್ಪ್ರಸಿದ್ಧವಾದ ನ್ಯೂಜಿಲೆಂಡ್ ತಂಡ ಅಲ್ಲಿಗೆ ಆಡಲು ಬಂದಿತು. ಊರಿನ ತಂಡದ ತರಬೇತುದಾರ ಕಾರ್ವಿನ್ ಜೇಮ್ಸ್ ಕಲ್ಲಿದ್ದಲು ಗಣಿಯ ಕಾರ್ಮಿಕನೊಬ್ಬನ ಮಗ. ತನ್ನ ತಾಯ್ನುಡಿಯಾದ ವೆಲ್ಷ್ ಭಾಷೆಯ ಅಧ್ಯಾಪಕ. ನಾಯಕ ಡೆಲ್ಮಿ ಥಾಮಸ್ ವಿದ್ಯುತ್ ಮಂಡಳಿಯ ಲೈನ್‌ಮನ್. ದೇಶದ ಪರವಾಗಿ ಆಡಿ ಕೀರ್ತಿ ಗಳಿಸಿದ್ದ ಆತ, ಈ ದಿನ ಗೆಲ್ಲುವುದಾದರೆ ಆ ಕೀರ್ತಿಯನ್ನೆಲ್ಲ ಬಿಟ್ಟುಕೊಡಲು ಸಿದ್ಧನೆಂದು ಆಟಕ್ಕೆ ಮುನ್ನ ತನ್ನವರಿಗೆ ಹೇಳಿದನು. ಸುಮಾರು ಇಪ್ಪತ್ತು ಸಾವಿರ ಜನ ಮೈದಾನವನ್ನು ತುಂಬಿದ್ದರು. ಫಿಲ್ ಬೆನೆಟ್ ಒದ್ದ ಚೆಂಡು ಗೋಲಿಗೆ ಬಡಿದು ಹಿಂದಿರುಗಿತು. ಎದುರಾಳಿಯೊಬ್ಬನು ಅದನ್ನು ಹಿಡಿದು ದೂರ ಒದೆಯಹೋದಾಗ ರಾಯ್ ಬರ್ಜಿಯರ್ಸ್ ಮೈಯೊಡ್ಡಿ ತಡೆದು, ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ನಾಲ್ಕು ಅಂಕ ಗಳಿಸಿದನು. ಆಟ ಮುಗಿದಾಗ ಲಾನೆಲ್ಲಿಗೆ 9, ನ್ಯೂಜಿಲೆಂಡಿಗೆ 3.

ಈ ಕಥೆಯನ್ನು ನಾನೊಮ್ಮೆ ತರಗತಿಯಲ್ಲಿ ಹೇಳಿದೆ. ಹಣದ ಆಸೆಯಿಲ್ಲದೆ ಮಾಡಿದ ಕಾರ್ಯಕ್ಕೆ ಎಂಥ ಬಲವಿರುತ್ತದೆ ನೋಡಿರೆಂದು ನೀತಿಯನ್ನೂ ಸೇರಿಸಿದೆ. ದಿನಗೂಲಿಯವನ ಮಗನೊಬ್ಬನು ಎದ್ದುನಿಂತು, “ಸಾರ್, ಆ ದಿನ ಯಾವ ವಾರ?” ಎಂದು ಕೇಳಿದನು. ಮಂಗಳವಾರವೆಂದೆ. “ಹಾಗಾದರೆ ಆಟಗಾರರಿಗೆ ಆ ದಿನದ ಕೂಲಿ ಕೊಟ್ಟವರು ಯಾರು?” ಎಂದನು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆ ಹೊಸದಲ್ಲವೆಂದು ಮುಂದೆ ಓದಿ ತಿಳಿದೆ. ಆಟಕ್ಕಾಗಿ ಕಳೆದುಕೊಂಡ ಕೂಲಿಯನ್ನು ಕಾರ್ಮಿಕರಿಗೆ ತುಂಬಿಕೊಡಬೇಕೆಂದು ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಕೇಳಿದ್ದವು. ಇಂಗ್ಲೆಂಡಿನ ರಗ್ಬಿ ಸಂಘ ಒಪ್ಪಲಿಲ್ಲ. 1895ರಲ್ಲಿ ಆ ಕ್ಲಬ್ಬುಗಳು ಬೇರೆಯಾಗಿ ತಮ್ಮದೇ ಸಂಘ ಕಟ್ಟಿಕೊಂಡವು. ಮುಂದೆ ವೇಲ್ಸಿನ ಅನೇಕ ಆಟಗಾರರು ಸಂಸಾರಕ್ಕಾಗಿ ಆ ಕಡೆಗೆ ಹೋದರು. ಹಾಗೆ ಹೋದವರಿಗೆ ಬಹುಕಾಲ ಹಳೆಯ ಆಟದ ಬಾಗಿಲು ಮುಚ್ಚಿಯೇ ಇತ್ತು. ಸಿರಿವಂತನಿಗೆ ಬಿಡುವಿನ ವಿನೋದವಾಗಿದ್ದ ನಿಯಮ ಬಡವನಿಗೆ ದಂಡವಾಗಿತ್ತು.

1995ರ ಆಗಸ್ಟಿನಲ್ಲಿ ಆ ನಿಯಮವನ್ನು ತೆಗೆದುಹಾಕಿದರು. ಆಟಗಾರನಿಗೆ ಸಂಬಳ ಬಂದಿತು. ಅದರೊಡನೆ ಕ್ಲಬ್ಬಿಗೆ ಹಣದ ಚಿಂತೆಯೂ ಬಂದಿತು. 2003ರಲ್ಲಿ ವೇಲ್ಸಿನ ದೊಡ್ಡ ಪಂದ್ಯಗಳು ಪ್ರಾದೇಶಿಕ ತಂಡಗಳ ಪಾಲಾದವು. ಹಳೆಯ ಕ್ಲಬ್ಬು ಅವುಗಳ ಕೆಳಗಿನ ಹಂತಕ್ಕೆ ಸರಿಯಿತು. 2008ರಲ್ಲಿ ಸ್ಟ್ರೇಡಿ ಪಾರ್ಕಿನ ಆಟವೂ ನಿಂತು, ಎಲ್ಲರೂ ಹೊಸ ಕ್ರೀಡಾಂಗಣಕ್ಕೆ ಹೋದರು. ಅಡುಗೆಪಾತ್ರೆಗಳು ಅಲ್ಲಿನ ಕಂಬಗಳನ್ನೂ ಏರಿದವು.

ಹಳೆಯ ಕಾಲವೇ ಚೆನ್ನಾಗಿತ್ತೆಂದು ನಾನೀಗ ಹೇಳಲಾರೆ. ಹಳೆಯದೆಲ್ಲ ತಪ್ಪೆಂದೂ ಹೇಳಲಾರೆ. ಕಂಬವೇರಿ ತಂತಿ ಬಿಗಿಯುತ್ತಿದ್ದ ಕೈಗಳು ಆ ಮಂಗಳವಾರ ಊರಿಗೆ ತಂದ ಹೆಮ್ಮೆಯನ್ನು ಯಾವ ಸಂಬಳವೂ ಕೊಂಡುತರಲಾರದು. ಆದರೆ ಹಾಗೆ ಪ್ರೀತಿಯಿಂದ ಕೊಟ್ಟವನ ಮನೆಯಲ್ಲಿ ಅಂದು ಒಲೆ ಉರಿಯಿತೇ ಎಂದು ವಿಚಾರಿಸುವುದು, ಚಪ್ಪಾಳೆ ತಟ್ಟಿದವರ ಕರ್ತವ್ಯ. ಈ ಪಾಠವನ್ನು ನನಗೆ ಕಲಿಸಿದವನು ನನ್ನ ಶಿಷ್ಯ.