‘ಇಲ್ಲ’ ಎನ್ನುವುದೂ ಒಂದು ವಿದ್ಯೆ

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವುದು ನನ್ನ ಕಸುಬು. ನೌಕರಿ ಸಿಕ್ಕಿದ ಮೇಲೂ ನಮಗೆ ಪರೀಕ್ಷೆ ತಪ್ಪಿದ್ದಲ್ಲ. ‘ಅಪ್ಪಾ, ನಿಮಗೂ ಪರೀಕ್ಷೆಯಾ?’ ಎಂದು ಪಿಯುಸಿ ಓದುವ ಮಗಳಿಗೆ ಒಳಗೊಳಗೇ ಖುಷಿ. ಈಗ ಅದು ಕಂಪ್ಯೂಟರಿನಲ್ಲೂ ನಡೆಯುತ್ತದೆ.

ಪರದೆಯ ಮೇಲೆ ಒಂದರ ಹಿಂದೊಂದು ರಕ್ತಲೇಪದ ಚಿತ್ರ. 1,000 ಪಟ್ಟು ಹಿಗ್ಗಿಸಿದ್ದು. ಪ್ರಶ್ನೆಗಳು ಸರಳ. ಮಲೇರಿಯಾದ ಪರೋಪಜೀವಿ ಇದೆಯೇ? ಇದ್ದರೆ ಯಾವ ಜಾತಿ? ವೈವಾಕ್ಸ್ ಹೊಕ್ಕ ಕೆಂಪು ರಕ್ತಕಣ ಉಬ್ಬಿರುತ್ತದೆ. ಫಾಲ್ಸಿಪಾರಂ ಹೊಕ್ಕದ್ದು ಉಬ್ಬುವುದಿಲ್ಲ. ಒಂದೇ ಕಣದಲ್ಲಿ ಎರಡು ಮೂರು ಪುಟ್ಟ ಉಂಗುರಗಳು ಕಾಣಬಹುದು. ಎರಡಕ್ಕೂ ಚಿಕಿತ್ಸೆ ಬೇರೆ. ಫಾಲ್ಸಿಪಾರಂ ಅಂತೂ ತಡಮಾಡಿದರೆ ಜೀವಕ್ಕೇ ಎರವಾದೀತು. ‘ಅರ್ಧ ಅಂಕ ಕೊಡಿ ಸಾರ್’ ಎಂಬ ಚೌಕಾಸಿಗೆ ಇಲ್ಲಿ ಜಾಗವಿಲ್ಲ.

ಇದೆ ಎನ್ನುವುದಕ್ಕಿಂತ ಕಷ್ಟವಾದದ್ದು ‘ಇಲ್ಲ’ ಎನ್ನುವುದು. ಕೇಳಿದ್ದಾರೆಂದ ಮೇಲೆ ಏನೋ ಇರಲೇಬೇಕು ಎಂದು ಪರೀಕ್ಷೆಗೆ ಕೂತವನ ಮನಸ್ಸು ಹೇಳುತ್ತದೆ. ಆಗ ರಕ್ತಕಣದ ಮೇಲೆ ಕೂತ ಪ್ಲೇಟ್‌ಲೆಟ್, ಬಣ್ಣದ ಗಷ್ಟು ಎಲ್ಲವೂ ಮಲೇರಿಯಾದಂತೆಯೇ ಕಾಣತೊಡಗುತ್ತವೆ. ಅದಕ್ಕೇ ಏನೂ ಇಲ್ಲದ ಚಿತ್ರಗಳನ್ನೂ ನಡುವೆ ಸೇರಿಸಿರುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರಲ್ಲ ಹಿರಿಯರು! 1880ರಲ್ಲಿ ಆಲ್ಜೀರಿಯಾದಲ್ಲಿ ಲ್ಯಾವೆರಾನ್ ಈ ಜೀವಿಯನ್ನು ರೋಗಿಯ ರಕ್ತದಲ್ಲಿ ಮೊದಲು ಕಂಡಾಗಲೂ ಹಲವು ವಿಜ್ಞಾನಿಗಳು ಸುಲಭಕ್ಕೆ ನಂಬಲಿಲ್ಲ.

ಗಾಜಿನ ಸ್ಲೈಡು ಒಡೆಯುತ್ತದೆ, ಅದರ ಬಣ್ಣ ಮಾಸುತ್ತದೆ. ಕಂಪ್ಯೂಟರಿನ ಚಿತ್ರವಾದರೆ ಬೀದರಿನವರಿಗೂ ಮಂಗಳೂರಿನವರಿಗೂ ಒಂದೇ ಇಡಬಹುದು. ಅಳತೆಗೋಲು ಒಂದೇ ಆದರೆ ನ್ಯಾಯವೂ ಒಂದೇ. ಆದರೆ ಪರದೆ ಅಳೆಯುವುದು ಕಣ್ಣನ್ನು, ಕೈಯನ್ನಲ್ಲ. ಲೇಪ ಹರಡುವುದು, ಬಣ್ಣ ಹಾಕುವುದು, ಫೋಕಸ್ ಸರಿಮಾಡುವುದು ಅದಕ್ಕೆ ತಿಳಿಯದು. ದಪ್ಪ ಲೇಪದಲ್ಲಿ ಕನಿಷ್ಠ 100 ಕ್ಷೇತ್ರ ನೋಡದೆ ‘ಇಲ್ಲ’ ಎಂದು ಬರೆಯಬಾರದೆಂಬುದು ನಮ್ಮ ನಿಯಮ. ಊಟದ ಹೊತ್ತು ಮೀರಿದಾಗಲೂ 70ಕ್ಕೇ ನಿಲ್ಲಿಸದಿರುವ ಗುಣಕ್ಕೆ ಯಾವ ಯಂತ್ರ ಅಂಕ ಕೊಟ್ಟೀತು?

ಇಷ್ಟಾದರೂ ಈ ಪರೀಕ್ಷೆ ನನಗೆ ಇಷ್ಟ. ಪರದೆಯ ಮೇಲೆ ತಪ್ಪಿದರೆ ಅಂಕ ಹೋಗುತ್ತದೆ, ಅಷ್ಟೆ. ಎಲ್ಲಿ ತಪ್ಪಿತೆಂದು ತಿಳಿದು ಅದನ್ನೇ ಮತ್ತೆ ಕಲಿಯಬಹುದು. ಆ ತಪ್ಪು ಜ್ವರದಿಂದ ನಡುಗುತ್ತಿರುವವನ ವರದಿಯಲ್ಲಿ ಬರಬಾರದು.

ತಂದೆತಾಯಿಯರಲ್ಲಿ ಒಂದು ಅರಿಕೆ. ಮಕ್ಕಳು ಪರೀಕ್ಷೆ ಮುಗಿಸಿ ಬಂದಾಗ ‘ಎಷ್ಟು ಬಂತು?’ ಎಂದು ಕೇಳಿಯೇ ಕೇಳುತ್ತೀರಿ. ಜತೆಗೆ ‘ಯಾವುದು ತಪ್ಪಿತು, ಯಾಕೆ ತಪ್ಪಿತು?’ ಎಂದೂ ಮೆಲ್ಲಗೆ ಕೇಳಿ. ಮುಂದೆ ಅವರ ಕೈಗೆ ಯಾರ ರಕ್ತದ ಹನಿ ಬರುವುದೋ ಬಲ್ಲವರಾರು?