ಬರ್ನೋ ದಾರಿಯಲ್ಲಿ ಒಬ್ಬ ಸೋದರಮಾವ

ಡ್ರೆಸ್ಡೆನ್‌ನಿಂದ ಪ್ರಾಗ್‌ಗೆ ರೈಲಿನಲ್ಲಿ ಹೋಗಿದ್ದೀರಾ? ಇಲ್ಲದಿದ್ದರೆ ಒಮ್ಮೆ ಹೋಗಿ, ಎಡಗಡೆಯ ಕಿಟಕಿಯ ಸೀಟನ್ನೇ ಹಿಡಿಯಿರಿ. ಊರು ದಾಟಿ ಅರ್ಧ ಗಂಟೆಯಾಗುವಷ್ಟರಲ್ಲಿ ಎಲ್ಬೆ ನದಿ ಪಕ್ಕಕ್ಕೆ ಬಂದು ಕೂತುಬಿಡುತ್ತದೆ. ಆಚೆ ದಡದಲ್ಲಿ ಲಿಲಿಯೆನ್‌ಸ್ಟೈನ್ ಬಂಡೆ, ಮರಳುಗಲ್ಲಿನ ಕೋಡುಗಳು, ಕಾಡು. ಬಾಡ್ ಶಾಂಡೌ ದಾಟಿದರೆ ಜರ್ಮನಿ ಮುಗಿಯಿತು. ನದಿ ಅದೇ, ಹೆಸರು ಮಾತ್ರ ಲಾಬೆ ಎಂದಾಗುತ್ತದೆ. ತೀರ್ಥಹಳ್ಳಿ ಕಡೆಯ ನನಗೆ ನದಿ, ಕಾಡು ಕಂಡರೆ ಮಾತು ಹೆಚ್ಚಾಗುತ್ತದೆ. ಆದರೆ 2024ರ ಮೇ ತಿಂಗಳ ಆ ಪ್ರಯಾಣದಲ್ಲಿ ನಾವು ಮೂವರೂ ಅರ್ಧ ದಾರಿ ಒಂದು ಮಾತೂ ಆಡಲಿಲ್ಲ.

ಮೂವರು ಎಂದರೆ ನಾನು, ನನ್ನ ಅಕ್ಕನ ಮಗಳು, ಅವಳ ಗಂಡ. (ಯಾವ ಅಕ್ಕ ಎಂದು ಲೆಕ್ಕ ಹಾಕಲು ಹೋಗಬೇಡಿ. ನಮ್ಮದು ದೊಡ್ಡ ಕುಟುಂಬ, ನಾನು ಅಕ್ಕ ಎಂದು ಕರೆಯುವವರು ಏಳು ಜನ!) ನಾವು ಹೊರಟಿದ್ದು ಪ್ರವಾಸಕ್ಕಲ್ಲ, ಅಂಡಾಣು ದಾನದ ಚಿಕಿತ್ಸೆಗೆ ಒಂದು ಆಸ್ಪತ್ರೆ ಆರಿಸಲು. ಈ ಲೇಖನ ಬರೆಯಬೇಕೆಂದು ಹಟ ಹಿಡಿದವಳೂ ಅವಳೇ. "ನಮ್ಮ ಹೆಸರು ಬೇಡ ಮಾವ, ಆದ್ರೆ ಬರಿ. ನಮ್ಮ ಸಂಘದಲ್ಲೇ ನಮ್ಮ ಥರದವರು ಇನ್ನೂ ಇರ್ತಾರೆ, ಯಾರನ್ನ ಕೇಳ್ಬೇಕು ಅಂತ ಅವರಿಗೂ ಗೊತ್ತಿರಲ್ಲ" ಎಂದಳು.

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. ಮದುವೆಯಾಗಿ ಏಳು ವರ್ಷ. ಮೂವತ್ತನಾಲ್ಕಕ್ಕೇ ಅವಳ ಅಂಡಾಶಯ ಹೆಚ್ಚುಕಡಿಮೆ ಕೆಲಸ ನಿಲ್ಲಿಸಿತ್ತು. ಎಎಂಎಚ್ ಎಂಬ ರಕ್ತಪರೀಕ್ಷೆಯ ಅಂಕಿ ಸೊನ್ನೆಯ ಹತ್ತಿರ. ಜರ್ಮನಿಯಲ್ಲೇ ಎರಡು ಸಲ ಐವಿಎಫ್ ಮಾಡಿಸಿ, ಎರಡೂ ಸಲ ಭ್ರೂಣದ ಹಂತಕ್ಕೇ ಬರಲಿಲ್ಲ. ಗರ್ಭಕೋಶ ಚೆನ್ನಾಗಿದೆ, ಅಂಡಾಣು ಇಲ್ಲ. ಇಂಥವರಿಗೆ ವೈದ್ಯಶಾಸ್ತ್ರದಲ್ಲಿ ಉತ್ತರವಿದೆ, ಬೇರೆ ಹೆಣ್ಣುಮಗಳ ಅಂಡಾಣು ಪಡೆಯುವುದು. 1984ರಿಂದಲೇ ಜಗತ್ತಿನಲ್ಲಿ ಹೀಗೆ ಮಕ್ಕಳು ಹುಟ್ಟುತ್ತಿವೆ. ಆದರೆ ನಾವಿರುವ ದೇಶದಲ್ಲಿ ಅದಕ್ಕೆ ಬಾಗಿಲು ಮುಚ್ಚಿದೆ. 1991ರ ಜನವರಿ 1ರಿಂದ ಜಾರಿಯಲ್ಲಿರುವ ಭ್ರೂಣ ಸಂರಕ್ಷಣಾ ಕಾಯಿದೆಯ ಪ್ರಕಾರ ಒಬ್ಬಳ ಅಂಡಾಣುವನ್ನು ಇನ್ನೊಬ್ಬಳಿಗೆ ಬಳಸುವ ವೈದ್ಯನಿಗೆ ಮೂರು ವರ್ಷದವರೆಗೆ ಜೈಲು ಅಥವಾ ದಂಡ. ವೀರ್ಯದಾನಕ್ಕೆ ಅಡ್ಡಿಯಿಲ್ಲ! ಗಂಡಸಿನದು ಆದೀತು, ಹೆಂಗಸಿನದು ಆಗದು ಎಂಬ ಈ ನ್ಯಾಯ ನನಗೆ ಇಂದಿಗೂ ಅರ್ಥವಾಗಿಲ್ಲ. 2024ರ ಏಪ್ರಿಲ್‌ನಲ್ಲಿ ಸರಕಾರವೇ ನೇಮಿಸಿದ್ದ ತಜ್ಞರ ಆಯೋಗ, ನಿಯಮ ಮಾಡಿ ಅನುಮತಿ ಕೊಡಲು ಅಡ್ಡಿಯಿಲ್ಲ ಎಂದು ವರದಿ ಕೊಟ್ಟಿತು. ವರದಿ ಬಂತು, ಕಾನೂನು ಹಾಗೇ ಉಳಿಯಿತು.

ಹೊರದೇಶಕ್ಕೆ ಹೋಗಿ ಮಾಡಿಸಿಕೊಂಡ ಹೆಣ್ಣಿಗೆ ಶಿಕ್ಷೆಯಿಲ್ಲ, ಇದನ್ನು ಸ್ಪಷ್ಟವಾಗಿ ತಿಳಿದಿರಿ. ಆದರೂ ಕೈಜೋಡಿಸಿದರೆ ಎಲ್ಲಿ ಸಿಕ್ಕಿಬೀಳುತ್ತೇವೋ ಎಂಬ ಭಯ ಇಲ್ಲಿನ ಅನೇಕ ವೈದ್ಯರಿಗಿದೆ. ಅವಳ ಡಾಕ್ಟರು "ನೀವು ಇಂಟರ್ನೆಟ್ ನೋಡಿ" ಎಂದಷ್ಟೇ ಹೇಳಿ ಎದ್ದುಬಿಟ್ಟರಂತೆ. ಆಗ ನನಗೆ ಫೋನು ಬಂತು. ನಾನೋ ಅರಿವಳಿಕೆ ತಜ್ಞ, ಬಂಜೆತನದ ಡಾಕ್ಟರಲ್ಲ. "ಡಾಕ್ಟರಾಗಿ ಬರಲ್ಲ ಕಣೇ, ಸೋದರಮಾವನಾಗಿ ಬರ್ತೀನಿ" ಎಂದೆ.

ಪ್ರಾಗ್‌ನ ಆಸ್ಪತ್ರೆ ನೋಡಲು ಹೋಟೆಲಿನ ಹಾಗಿತ್ತು. ಅಮೃತಶಿಲೆಯ ನೆಲ, ಬಿಳಿ ಸೋಫಾ, ಕಾಫಿ ಯಂತ್ರ, ಗೋಡೆಯ ತುಂಬ ನಗುವ ಕೂಸುಗಳ ಫೋಟೋ. ಜರ್ಮನ್, ಇಂಗ್ಲಿಷ್ ಎರಡನ್ನೂ ನೀರಿನ ಹಾಗೆ ಮಾತಾಡುವ ಸಂಯೋಜಕಿ ನಮ್ಮ ಮುಂದೆ ಬಣ್ಣದ ಪುಸ್ತಿಕೆ ಇಟ್ಟು, "ನಮ್ಮ ಯಶಸ್ಸು ಎಪ್ಪತ್ತು ಪರ್ಸೆಂಟ್" ಎಂದಳು. ಹುಡುಗಿಯ ಮುಖ ಅರಳಿತು. ನಾನು ಕೇಳಿದೆ, ಎಪ್ಪತ್ತು ಎಂದರೆ ಯಾವುದರಲ್ಲಿ ಎಪ್ಪತ್ತು? ಗರ್ಭ ಪರೀಕ್ಷೆ ಪಾಸಿಟಿವ್ ಬಂದದ್ದೋ, ಸ್ಕ್ಯಾನಿನಲ್ಲಿ ಎದೆಬಡಿತ ಕಂಡದ್ದೋ, ಮಗು ಮನೆಗೆ ಬಂದದ್ದೋ? ಒಂದು ಸಲ ಭ್ರೂಣ ಇಟ್ಟಾಗಿನ ಲೆಕ್ಕವೋ, ಮೂರು ನಾಲ್ಕು ಸಲದ್ದನ್ನು ಕೂಡಿಸಿದ್ದೋ? ಚಿಕಿತ್ಸೆ ಶುರುಮಾಡಿ ಭ್ರೂಣವೇ ಆಗದೆ ಹಿಂದಿರುಗಿದವರು ಛೇದದಲ್ಲಿ ಇದ್ದಾರೋ ಇಲ್ಲವೋ? ಆಕೆ ನಗುತ್ತಲೇ ಒಳಗೆ ಹೋಗಿ ಬಂದು, ಅದು "ಒಟ್ಟಾರೆ ಪಾಸಿಟಿವ್ ಪರೀಕ್ಷೆಗಳ" ಲೆಕ್ಕ ಎಂದಳು. ಮನೆಗೆ ಬಂದ ಮಕ್ಕಳ ಲೆಕ್ಕ ಆ ಪುಸ್ತಿಕೆಯಲ್ಲಿ ಇರಲೇ ಇಲ್ಲ.

ನನ್ನ ಎರಡನೆಯ ಪ್ರಶ್ನೆ ಅವರಿಗೆ ಇನ್ನೂ ವಿಚಿತ್ರವಾಗಿ ಕಂಡಿರಬೇಕು. ಅಂಡಾಣು ತೆಗೆಯುವಾಗ ದಾನಿಗೆ ಅರಿವಳಿಕೆ ಕೊಡುವವರು ಯಾರು? ಹತ್ತು ಹದಿನೈದು ನಿಮಿಷದ ಕೆಲಸ, ನಿಜ. ಆದರೆ ಹತ್ತಾರು ದಿನ ಚುಚ್ಚುಮದ್ದು ತೆಗೆದುಕೊಂಡು ಆ ಮೇಜಿನ ಮೇಲೆ ಮಲಗುವವಳೂ ಯಾರದೋ ಮಗಳು, ಬಹುಶಃ ಕಾಲೇಜಿನ ಹುಡುಗಿ. ಚುಚ್ಚುಮದ್ದಿನಿಂದ ಅಂಡಾಶಯ ಅತಿಯಾಗಿ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುವ ಅಪಾಯವಿದೆ. ಕೊನೆಯ ಇಂಜೆಕ್ಷನ್ನನ್ನು ಸರಿಯಾಗಿ ಆರಿಸಿದರೆ ಆ ಅಪಾಯ ಬಹಳ ಮಟ್ಟಿಗೆ ತಪ್ಪುತ್ತದೆ. ನೀವು ಯಾವುದು ಕೊಡುತ್ತೀರಿ? ಒಬ್ಬಳಿಂದ ಎಷ್ಟು ಸಲ ತೆಗೆಯುತ್ತೀರಿ? "ದಾನಿಯ ವಿಷಯ ನೀವು ಚಿಂತಿಸಬೇಕಿಲ್ಲ" ಎಂಬ ಉತ್ತರ ಬಂತು. ನಾನು ಪುಸ್ತಿಕೆ ಮಡಚಿ ಎದ್ದೆ. ದಾನಿಯನ್ನು ಹೇಗೆ ನೋಡಿಕೊಳ್ಳುತ್ತಾರೆಂದು ಹೇಳಲಾರದವರು ನಾಳೆ ನಮ್ಮವಳನ್ನು ಹೇಗೆ ನೋಡಿಕೊಂಡಾರು?

ಬರ್ನೋಗೆ ಅಲ್ಲಿಂದ ರೈಲಿನಲ್ಲಿ ಎರಡೂವರೆ ಗಂಟೆ. ಚೆಕ್ ರೈಲಿನ ಊಟದ ಬೋಗಿಯ ಬಗ್ಗೆ ಹೇಳಲೇಬೇಕು. ಬಿಳಿ ಬಟ್ಟೆ ಹಾಸಿದ ಮೇಜು, ಬಿಸಿಬಿಸಿ ಅಡುಗೆ. ಸಸ್ಯಾಹಾರಿಗಳಿಗೆ ಕರಿದ ಚೀಸ್, ಆಲೂಗಡ್ಡೆ. ನಮ್ಮ ಬಜ್ಜಿಯ ದೊಡ್ಡಣ್ಣ ಎನ್ನಬಹುದು. ಅದನ್ನು ತಿನ್ನುತ್ತಲೇ ಗಂಡ ಹೆಂಡಿರಿಗೆ ಜಗಳ ಶುರುವಾಯಿತು. ಇಷ್ಟು ದಿನ ಸುಮ್ಮನಿದ್ದ ಹುಡುಗ, "ಮಗು ನಮ್ಮ ಥರ ಕಾಣದಿದ್ರೆ? ಬೆಳ್ಳಗೆ, ಬೂದುಗಣ್ಣು ಇದ್ರೆ? ಊರಲ್ಲಿ ಜನ ಏನಂತಾರೆ?" ಎಂದುಬಿಟ್ಟ. ಅವಳು "ಜನ ಏನಂತಾರೋ ಬಿಡಿ. ಮಗು ಏನನ್ನತ್ತೆ ಅಂತ ಯೋಚನೆ ಮಾಡಿದೀರಾ?" ಎಂದಳು. ನಾನು ಕಿಟಕಿಯ ಹೊರಗೆ ನೋಡಿದೆ. ಹಳದಿ ಸಾಸಿವೆಯಂಥ ಹೊಲಗಳು ಮೈಲಿಗಟ್ಟಲೆ ಓಡುತ್ತಿದ್ದವು.

ಬರ್ನೋ ಸಣ್ಣದಾದರೂ ಲಕ್ಷಣವಾದ ಊರು. ಹಳೆಯ ತರಕಾರಿ ಸಂತೆಯ ಚೌಕದಲ್ಲಿ ಈಗಲೂ ಸೊಪ್ಪು, ಮೂಲಂಗಿ ಮಾರುತ್ತಾರೆ. ಗುಡ್ಡದ ಮೇಲಿನ ದೊಡ್ಡ ಚರ್ಚಿನಲ್ಲಿ ಮಧ್ಯಾಹ್ನದ ಗಂಟೆಯನ್ನು ಹನ್ನೆರಡಕ್ಕಲ್ಲ, ಹನ್ನೊಂದಕ್ಕೇ ಹೊಡೆಯುತ್ತಾರೆ! 1645ರಲ್ಲಿ ಸ್ವೀಡನ್ನಿನ ಸೈನ್ಯ ಮುತ್ತಿಗೆ ಹಾಕಿದಾಗ, ಮಧ್ಯಾಹ್ನದೊಳಗೆ ಊರು ಸಿಗದಿದ್ದರೆ ಹಿಂದಿರುಗುತ್ತೇನೆ ಎಂದು ಸೇನಾಪತಿ ಹೇಳಿದ್ದನಂತೆ. ಊರಿನವರು ಒಂದು ಗಂಟೆ ಮೊದಲೇ ಗಂಟೆ ಬಾರಿಸಿ ಅವನನ್ನು ಕಳಿಸಿದರಂತೆ. ವೈದ್ಯರಿಗೆ ಈ ಊರು ಇನ್ನೊಂದು ಕಾರಣಕ್ಕೆ ಮುಖ್ಯ. ಆಗಿನ ಚೆಕೊಸ್ಲೊವಾಕಿಯಾದಲ್ಲಿ ಪ್ರಯೋಗಾಲಯದ ನೆರವಿನಿಂದ ಹುಟ್ಟಿದ ಮೊದಲ ಮಗು 1982ರಲ್ಲಿ ಜನಿಸಿದ್ದು ಇಲ್ಲೇ.

ಇಲ್ಲಿನ ಆಸ್ಪತ್ರೆಯಲ್ಲಿ ಅಮೃತಶಿಲೆ ಇರಲಿಲ್ಲ. ಮಾತಾಡಿದ್ದು ಸಂಯೋಜಕಿಯಲ್ಲ, ಅರವತ್ತರ ಆಸುಪಾಸಿನ ವೈದ್ಯೆ. ನನ್ನ ಪ್ರಶ್ನೆಗಳಿಗೆ ಉತ್ತರ ಕೊಡುವ ಬದಲು ಎದ್ದು ಕರೆದುಕೊಂಡು ಹೋಗಿ ಚೇತರಿಕೆ ಕೊಠಡಿ, ಮಾನಿಟರು, ಆಮ್ಲಜನಕ ಎಲ್ಲ ತೋರಿಸಿದರು. ಖರ್ಚು ಸುಮಾರು 6,500 ಯೂರೋ ಎಂದರು. 2012ರ ಏಪ್ರಿಲ್‌ನಿಂದ ಜಾರಿಗೆ ಬಂದ ಅವರ ಕಾನೂನನ್ನೂ ವಿವರಿಸಿದರು: ಗಂಡು ಹೆಣ್ಣು ಇಬ್ಬರೂ ಸೇರಿ ಲಿಖಿತ ಅರ್ಜಿ ಕೊಡಬೇಕು, ಅಂಡಾಣು ದಾನಿಗೆ 18ರಿಂದ 35 ವರ್ಷ, ದಾನಿ ಯಾರೆಂದು ಪಡೆದವರಿಗಾಗಲಿ ಮಗುವಿಗಾಗಲಿ ತಿಳಿಸುವಂತಿಲ್ಲ. ಆಮೇಲೆ ಕನ್ನಡಕ ತೆಗೆದು, "ನಿಮ್ಮ ಬಣ್ಣಕ್ಕೆ ಹೊಂದುವ ದಾನಿ ನಮ್ಮಲ್ಲಿ ಸಿಗುವುದು ಬಹಳ ಕಷ್ಟ. ಸಿಗುತ್ತಾಳೆ ಎಂದು ಹೇಳಿ ನಿಮ್ಮ ಹಣ ಇಟ್ಟುಕೊಳ್ಳುವುದು ನನಗಿಷ್ಟವಿಲ್ಲ" ಎಂದರು. ಮೂವತ್ತು ವರ್ಷದ ವೃತ್ತಿಯಲ್ಲಿ ಇಂಥ ಮಾತು ಹೇಳುವವರನ್ನು ನಾನು ಕಂಡದ್ದು ಕಡಿಮೆ.

ನಮ್ಮ ಹುಡುಗಿ ಕೇಳಿದಳು, "ಹದಿನೆಂಟು ವರ್ಷ ಆದ್ಮೇಲೆ ನನ್ನ ಮಗು ಇಲ್ಲಿಗೆ ಬಂದು ಕೇಳಿದ್ರೆ?"

"ನಮ್ಮ ಕಾನೂನಿನಲ್ಲಿ ಹೆಸರು ಹೇಳಲು ದಾರಿಯಿಲ್ಲ" ಎಂದರು ವೈದ್ಯೆ.

ಆ ಸಂಜೆ ಅವಳೇ ಮೆಂಡಲ್ ಇದ್ದ ಮಠಕ್ಕೆ ಹೋಗೋಣ ಎಂದಳು. ಹೌದು, ಪಿಯುಸಿಯಲ್ಲಿ ನಾವೆಲ್ಲ ಬಟಾಣಿ ಗಿಡದ ಚೌಕ ಬರೆದು ಅಂಕ ಗಿಟ್ಟಿಸಿದ ಅದೇ ಗ್ರೆಗರ್ ಮೆಂಡಲ್. ಶಿಕ್ಷಕರ ಪರೀಕ್ಷೆಯಲ್ಲಿ ಎರಡು ಸಲ ದಾಟಲಾಗದ ಆ ಸನ್ಯಾಸಿ 1856ರಿಂದ 1863ರವರೆಗೆ ಇದೇ ಅಂಗಳದಲ್ಲಿ ಬಟಾಣಿ ಬೆಳೆದು ಲೆಕ್ಕ ಹಾಕುತ್ತ ಕೂತ. 1865ರಲ್ಲಿ ಇದೇ ಊರಿನ ಸಭೆಯಲ್ಲಿ ಓದಿದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1884ರಲ್ಲಿ ತೀರಿಕೊಂಡ. ಜಗತ್ತು ಅವನನ್ನು ಗುರುತಿಸಿದ್ದು 1900ರಲ್ಲಿ. ಅವನ ಗಾಜಿನ ಮನೆಯಿದ್ದ ಜಾಗವೂ ಅಲ್ಲೇ ಇದೆ. ಅದರ ಹತ್ತಿರ ಕೂತು ಅವಳು ಬಹಳ ಹೊತ್ತಿನ ಮೇಲೆ ಹೇಳಿದಳು:

"ಮಾವ, ನನ್ನ ಜೀನು ಹೋಗಲ್ಲ ಅನ್ನೋದಕ್ಕೆ ಅತ್ತಾಯ್ತು, ಮುಗೀತು. ಆದ್ರೆ ಅದರ ಜೀನು ಎಲ್ಲಿಂದ ಬಂತು ಅಂತ ಅದಕ್ಕೆ ಗೊತ್ತಾಗ್ಬಾರ್ದು ಅಂತ ನಾನೇ ಸಹಿ ಹಾಕೋದು ಹೇಗೆ?"

ಅವಳ ಮಾತಿನಲ್ಲಿ ಹುರುಳಿತ್ತು. ಜರ್ಮನಿಯಲ್ಲಿ ವೀರ್ಯದಾನದಿಂದ ಹುಟ್ಟಿದವರಿಗಾಗಿ 2018ರ ಜುಲೈನಿಂದ ಸರಕಾರಿ ದಾಖಲೆಯೇ ಇದೆ, ದಾನಿ ಯಾರೆಂದು ಕೇಳಿ ಪಡೆಯಬಹುದು. ಅದೇ ಶಾಲೆಯ ಬೆಂಚಿನಲ್ಲಿ ಕೂರುವ ಇನ್ನೊಂದು ಮಗುವಿಗೆ ಆ ದಾರಿಯಿಲ್ಲ ಎಂದರೆ? ಮೇಲಾಗಿ, ಈಗ ಎಂಜಲು ಕಳಿಸಿದರೆ ಬಂಧುಗಳನ್ನು ಹುಡುಕಿಕೊಡುವ ಡಿಎನ್‌ಎ ಪರೀಕ್ಷೆಗಳು ಬಂದಿವೆ. ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆಂದು ಯಾರೂ ಭರವಸೆ ಕೊಡಲಾರರು. ಹುಡುಗ ಏನೂ ಹೇಳಲಿಲ್ಲ, ಹೋಗಿ ಅವಳ ಪಕ್ಕ ಕೂತ.

ಹಿಂದಿರುಗುವಾಗ ಉಳಿದ ದಾರಿಗಳನ್ನು ಲೆಕ್ಕ ಹಾಕಿದೆವು. ಸ್ಪೇನ್‌ನಲ್ಲಿ 2006ರ ಕಾನೂನಿನ ಪ್ರಕಾರ ದಾನಿ ಅನಾಮಧೇಯ, ಅಲ್ಲಿಗೂ ಇದೇ ಪ್ರಶ್ನೆ. ಬೆಂಗಳೂರು? ನಮ್ಮವರೇ ದಾನಿಗಳು, ಮಾತು ನಮ್ಮದು, ಒಳ್ಳೆಯ ಡಾಕ್ಟರುಗಳಿದ್ದಾರೆ. 2022ರ ಜನವರಿಯಿಂದ ಜಾರಿಯಲ್ಲಿರುವ ಭಾರತದ ಕಾಯಿದೆ ದಾನಿಯ ವಿಷಯದಲ್ಲಿ ಬಿಗಿಯಾಗಿಯೇ ಇದೆ: ವಯಸ್ಸು 23ರಿಂದ 35, ಜೀವನದಲ್ಲಿ ಒಂದೇ ಸಲ, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ, ಒಬ್ಬಳದು ಒಂದೇ ದಂಪತಿಗೆ, ದಾನಿಗೆ ವಿಮೆ ಮಾಡಿಸಲೇಬೇಕು. ನನಗಂತೂ ಅದು ಮೆಚ್ಚಿಗೆಯಾಯಿತು. ಆದರೆ ಮುಂದೆ ಮಗು ದಾನಿಯನ್ನು ತಿಳಿಯುವ ಏರ್ಪಾಡು ಅಲ್ಲೂ ಇಲ್ಲ. ಉಳಿದದ್ದು ಇಂಗ್ಲೆಂಡ್. ಅಲ್ಲಿ 2005ರ ಏಪ್ರಿಲ್ 1ರಿಂದ ನೋಂದಾಯಿಸಿದ ದಾನಿಯ ಹೆಸರನ್ನು ಮಗು ಹದಿನೆಂಟು ತುಂಬಿದ ಮೇಲೆ ಕೇಳಬಹುದು. ಒಬ್ಬ ದಾನಿಯಿಂದ ಹತ್ತು ಕುಟುಂಬಗಳಿಗಿಂತ ಹೆಚ್ಚಿಗೆ ಕೊಡುವಂತಿಲ್ಲ. ಪರವಾನಗಿ ಇರುವ ಎಲ್ಲ ಆಸ್ಪತ್ರೆಗಳ ಲೆಕ್ಕವನ್ನೂ ಸರಕಾರಿ ನಿಯಂತ್ರಣ ಸಂಸ್ಥೆ ಒಂದೇ ಅಳತೆಗೋಲಿನಲ್ಲಿ ಪ್ರಕಟಿಸುತ್ತದೆ, ನನ್ನ ಛೇದದ ಪ್ರಶ್ನೆಗೆ ಉತ್ತರ ಸಿದ್ಧ! ತೊಂದರೆಗಳೂ ಇದ್ದವು. ದುಬಾರಿ, ಇವರಿಗೆ ಬೇರೆ ವೀಸಾ, ನಮ್ಮ ಕಡೆಯ ದಾನಿಗಳು ಅಲ್ಲೂ ಕಡಿಮೆ. ಕಾಯಬೇಕು. ಕಾಯುತ್ತೇವೆ ಎಂದರು ಇಬ್ಬರೂ.

ಅಕ್ಕನಿಗೆ ಹೇಳುವ ಕೆಲಸ ನನ್ನ ತಲೆಗೆ ಬಂತು. ಒಂದು ವಾರ ಮುಂದೂಡಿ, ಒಂದು ಭಾನುವಾರ ಧೈರ್ಯ ಮಾಡಿ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಕಾನೂನಿನ ಪ್ರಕಾರ ತಾಯಿ ಅಂದ್ರೆ ಯಾರೋ?" ಎಂದಳು. "ಹೆತ್ತವಳೇ ಅಕ್ಕ, ಜರ್ಮನಿ ಕಾಯಿದೆಯಲ್ಲೇ ಹಾಗಂತ ಬರೆದಿದೆ" ಎಂದೆ. "ಮತ್ತೇನು! ದೇವಕಿ ಗರ್ಭದಿಂದ ರೋಹಿಣಿ ಗರ್ಭಕ್ಕೆ ಬಲರಾಮ ಹೋದಾಗ ಯಾರಾದರೂ ತಕರಾರು ತೆಗೆದ್ರಾ? ನೀನು ಇಷ್ಟು ಹೇಳೋಕೆ ಒಂದು ವಾರ ತಗೊಂಡ್ಯಾ?" ಎಂದು ನನ್ನನ್ನೇ ಬೈದಳು.

ಹದಿನಾಲ್ಕು ತಿಂಗಳು ಕಾದರು. ಒಂದೇ ಭ್ರೂಣ ಇಡಿಸಿಕೊಳ್ಳಿ, ಅವಳಿ ಆಸೆ ಬೇಡ ಎಂಬುದು ನಾನು ಕೊಟ್ಟ ಒಂದೇ ವೈದ್ಯಕೀಯ ಸಲಹೆ. ಮೊದಲ ಸಲ ನಿಲ್ಲಲಿಲ್ಲ, ಎರಡನೆಯ ಸಲ ನಿಂತಿತು. ಆಮೇಲೆ ಇನ್ನೊಂದು ಮಾತು ಹೇಳಿದೆ, ಓದುವವರಿಗೂ ಹೇಳುತ್ತೇನೆ: ದಾನದ ಅಂಡಾಣುವಿನ ಬಸಿರಿನಲ್ಲಿ ರಕ್ತದೊತ್ತಡ ಏರುವ ಸಂಭವ ಹೆಚ್ಚು. ಆದ್ದರಿಂದ ಇಲ್ಲಿನ ನಿಮ್ಮ ಸ್ತ್ರೀರೋಗ ತಜ್ಞರಿಂದ ಇದನ್ನು ಬಚ್ಚಿಡಬೇಡಿ. ರೋಗಿಯ ಗುಟ್ಟು ಕಾಯುವುದು ವೈದ್ಯರ ಕರ್ತವ್ಯ, ನಿಮಗೆ ಯಾವ ಶಿಕ್ಷೆಯೂ ಇಲ್ಲ. ನಮ್ಮವಳು ಹೆದರುತ್ತಲೇ ಹೇಳಿದಳು. ಆ ಡಾಕ್ಟರು "ಒಳ್ಳೆಯದಾಯಿತು ಹೇಳಿದ್ದು" ಎಂದು ಫೈಲಿನಲ್ಲಿ ಬರೆದುಕೊಂಡು, ದಿನಾ ಬಿಪಿ ನೋಡಿಕೊಳ್ಳಲು ಹೇಳಿದರಂತೆ.

ಈಗ ಇಪ್ಪತ್ತಾರನೆಯ ವಾರ. ದಿನಾ ಬೆಳಿಗ್ಗೆ ಏಳಕ್ಕೆ ಹುಡುಗ ಬಿಪಿ ನೋಡಿ ವಾಟ್ಸಾಪ್‌ನಲ್ಲಿ ನನಗೆ ಕಳಿಸುತ್ತಾನೆ. ಇವತ್ತಿನದು 118/76. ಅದರ ಕೆಳಗೆ ಅವಳದೊಂದು ಸಾಲು: "ರಾತ್ರಿಯೆಲ್ಲ ಒದೀತಿತ್ತು ಮಾವ, ನಿದ್ದೆ ಇಲ್ಲ."