ಹೊಸೂರು ರಸ್ತೆಯ ಮೂರಕ್ಷರ

ಹೊಸೂರು ರಸ್ತೆಯನ್ನು ಹಿಡಿದು ದಕ್ಷಿಣಕ್ಕೆ ಹೊರಟವನಿಗೆ ಮೊದಲು ನಿಮ್ಹಾನ್ಸ್ ಆಸ್ಪತ್ರೆ ಎದುರಾಗುತ್ತದೆ. ಸಿಲ್ಕ್ ಬೋರ್ಡಿನ ಸಂದಣಿಯನ್ನು ದಾಟಿ, 2010ರಲ್ಲಿ ತೆರೆದ ಮೇಲ್ಸೇತುವೆಯನ್ನೇರಿದರೆ ಸುಮಾರು ಹತ್ತು ಕಿಲೋಮೀಟರು ನೆಲದ ಗೊಡವೆಯಿಲ್ಲದೆ ಸಾಗಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿಯಬಹುದು. 2025ರ ಆಗಸ್ಟಿನಿಂದ ಮೆಟ್ರೋ ರೈಲೂ ಅತ್ತ ಓಡುತ್ತಿದೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರು 1978ರಲ್ಲಿ ಕಂಡ ಕನಸು ಇಂದು ಗಾಜಿನ ಸೌಧಗಳಾಗಿ ನಿಂತಿದೆ. ಹೆಸರಿನಲ್ಲಿ ಮಾತ್ರ ಅಗ್ರಹಾರ ಉಳಿದುಕೊಂಡಿದೆ.

ಮಾನವನ ಆನುವಂಶಿಕತೆಯನ್ನು ಅಭ್ಯಸಿಸುವ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ನೆಲೆಗೊಂಡದ್ದು ಇಲ್ಲಿಯ ಬಯೋಟೆಕ್ ಪಾರ್ಕಿನಲ್ಲಿಯೇ. ಇಂಥ ಕಡೆ ಕನ್ನಡ ಮೇಷ್ಟರಿಗೇನು ಕೆಲಸವೆಂದು ಓದುಗರು ಕೇಳಬಹುದು. ಸಮೀಪದ ಕಚೇರಿಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದುಡಿಯುತ್ತಾನೆ. ಅವನ ತಂದೆಗೆ ಹಂಟಿಂಗ್‌ಟನ್ ರೋಗ. ಕೈಕಾಲುಗಳು ತಮ್ಮಷ್ಟಕ್ಕೆ ತಾವೇ ಕುಣಿಯುತ್ತವೆ. ಬುದ್ಧಿಯೂ ಸ್ವಭಾವವೂ ದಿನೇ ದಿನೇ ಕದಲುತ್ತಿವೆ. ಮಗನಿಗೆ ಅದು ಬರುವ ಸಂಭವ ಎರಡರಲ್ಲೊಂದು. "ಪರೀಕ್ಷೆ ಮಾಡಿಸಿಕೊಳ್ಳಲೇ ಬೇಡವೇ, ಸಾರ್?" ಎಂದು ಬರೆದಿದ್ದ.

ಈ ರೋಗದ ಮೂಲ ನನ್ನ ಕಸುಬಿಗೆ ತೀರ ಹೊರಗಿನದಲ್ಲ. ಓಲೆಗರಿಯನ್ನು ನಕಲು ಮಾಡುವ ಲಿಪಿಕಾರನು ಒಂದೇ ಪದವು ಮರಳಿ ಮರಳಿ ಬಂದಲ್ಲಿ ಎಣಿಕೆ ತಪ್ಪಿ ಒಂದೆರಡನ್ನು ಹೆಚ್ಚಿಗೆ ಬರೆದುಬಿಡುವುದುಂಟು. ಡಿ.ಎನ್.ಎ.ಯ ಬರವಣಿಗೆಯಲ್ಲಿಯೂ ಹಾಗೆಯೇ. 1993ರಲ್ಲಿ ಪತ್ತೆಯಾದ ಈ ಜೀನಿನಲ್ಲಿ ಸಿ.ಎ.ಜಿ. ಎಂಬ ಮೂರಕ್ಷರ ಸಾಲಾಗಿ ಪುನರಾವರ್ತಿಸುತ್ತದೆ. 26ರವರೆಗೆ ಬಾಧೆಯಿಲ್ಲ, 27ರಿಂದ 35 ಇದ್ದವರು ತಾವು ಸ್ವಸ್ಥರಾಗಿದ್ದರೂ ಮಕ್ಕಳಲ್ಲಿ ಸಾಲು ಬೆಳೆಯಬಹುದು, 40 ದಾಟಿದರೆ, ಪೂರ್ಣಾಯುಸ್ಸು ಬದುಕಿದವರಲ್ಲಿ ರೋಗವು ತಪ್ಪದೆಂದೇ ಹೇಳಬೇಕು. ಉದ್ದವಾದ ಸಾಲು ಅಸ್ಥಿರ. ನಕಲಾಗುವಾಗ ಎಳೆ ಜಾರಿ ಮತ್ತಷ್ಟು ಉದ್ದವಾಗುತ್ತದೆ, ಅದರಲ್ಲಿಯೂ ತಂದೆಯಿಂದ ಇಳಿದುಬರುವಾಗ. ಸಾಲು ಬೆಳೆದಷ್ಟೂ ರೋಗ ಬೇಗನೆ ತಲೆದೋರುವುದರಿಂದ ತಂದೆಗೆ ಐವತ್ತರಲ್ಲಿ ಕಂಡದ್ದು ಮಗನಿಗೆ ಮೂವತ್ತೈದರಲ್ಲಿಯೇ ಕಾಣಬಹುದು. ಆ ಜೀನಿನಿಂದಾಗುವ ಪ್ರೋಟೀನು ವಿಕಾರಗೊಂಡು ಮಿದುಳಿನ ಕೋಶಗಳನ್ನು ಮೆಲ್ಲನೆ ಕೊಲ್ಲುತ್ತದೆ. ಬುದ್ಧಿಮಾಂದ್ಯಕ್ಕೆ ಕಾರಣವಾಗುವ ಫ್ರಜೈಲ್ ಎಕ್ಸ್ ರೋಗದಲ್ಲಿಯಾದರೋ ಬೇರೊಂದು ಮೂರಕ್ಷರವು 200ನ್ನು ಮೀರಿ, ತನ್ನ ಜೀನಿನ ಬಾಯನ್ನೇ ಮುಚ್ಚಿಬಿಡುತ್ತದೆ.

ಪರೀಕ್ಷೆಗೆ ದೂರ ಹೋಗಬೇಕಿಲ್ಲ. ಅದೇ ರಸ್ತೆಯ ನಿಮ್ಹಾನ್ಸಿನಲ್ಲಿ ಆದೀತು. ಒಂದಿಷ್ಟು ರಕ್ತ ಸಾಕು. ಆದರೆ ಲಕ್ಷಣಗಳಿಲ್ಲದವರಿಗೆ ಮೊದಲು ಸಮಾಲೋಚನೆ ನಡೆಸಬೇಕೆಂಬುದು ಲೋಕವೆಲ್ಲ ಒಪ್ಪಿದ ಪದ್ಧತಿ; ಮಕ್ಕಳಿಗೆ ಪರೀಕ್ಷೆ ಮಾಡುವುದಿಲ್ಲ. ರೋಗವನ್ನು ಗುಣಪಡಿಸುವ ಔಷಧವಿಲ್ಲದಿರುವಾಗ ತಿಳಿಯದಿರುವುದೂ ಒಂದು ಹಕ್ಕೆಂಬುದು ನನಗೆ ಸರಿಯೆಂದೇ ತೋರುತ್ತದೆ.

ಊಟದ ಬಿಡುವಿನಲ್ಲಿ ಹುಡುಗ ಸಿಕ್ಕಿದ. ಮದುವೆಯ ಮಾತುಕತೆ ನಡೆದಿದೆಯಂತೆ. ಹುಡುಗಿಗೆ ತಂದೆಯ ವಿಷಯವನ್ನು ಆಗಲೇ ತಿಳಿಸಿದ್ದಾನೆ. ಈ ತಿಂಗಳೇ ಪರೀಕ್ಷೆಗೆ ಹೋಗುವನಂತೆ. ಅವನ ತಂಗಿಗೆ ಮಾತ್ರ ಅದು ಬೇಡ. ಅಣ್ಣನ ಎಣಿಕೆ ಏನೇ ಬಂದರೂ ತಂಗಿಯ ಎಣಿಕೆ ಅದರಿಂದ ತಿಳಿಯದು. "ಅದೊಂದೇ ಸಮಾಧಾನ ಸಾರ್," ಎಂದು ಹೇಳಿ ಗಡಿಯಾರ ನೋಡಿಕೊಂಡು ಎದ್ದ.